ಕರೆಂಟ್ ಇದೆ, ವೋಲ್ಟೇಜ್ ಇಲ್ಲ

“ಕರೆಂಟ್ ಇದೆ, ಆದರೆ ವೋಲ್ಟೇಜ್ ಇಲ್ಲ” ಎಂಬ ಮಾತನ್ನು ಕೇಳದ ಹಳ್ಳಿ ಕರ್ನಾಟಕದಲ್ಲಿ ಇರಲಾರದು. ಬೇಸಿಗೆಯ ಸಂಜೆ ಫ್ಯಾನು ಸೋಮಾರಿಯಂತೆ ತಿರುಗುತ್ತದೆ. ತೋಟದ ಪಂಪ್‌ಸೆಟ್ಟು ಗುಂಯ್‌ಗುಡುತ್ತದೆಯೇ ಹೊರತು ನೀರೆತ್ತುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಪಕ್ಕದ ಮನೆಯವರಿಗೆ ಇಂಥ ತೊಂದರೆ ಕಡಿಮೆ. ಕಷ್ಟವೇನಿದ್ದರೂ ಲೈನಿನ ಕೊನೆಯ ಕಂಬದವರಿಗೆ. ಕಾಲುವೆಯ ಮೇಲ್ಭಾಗದವರ ಗದ್ದೆ ತುಂಬಿ, ಕೊನೆಭಾಗದ ರೈತ ಒಣಗಿದ ತೂಬು ನೋಡುತ್ತ ಕೂರುವುದಿಲ್ಲವೆ, ಹಾಗೆ. ತಂತಿ ಉದ್ದವಾದಷ್ಟೂ, ತೆಳುವಾದಷ್ಟೂ, ಅದರಲ್ಲಿ ಹರಿಯುವ ವಿದ್ಯುತ್ತು ಹೆಚ್ಚಾದಷ್ಟೂ ದಾರಿಯಲ್ಲೇ ವೋಲ್ಟೇಜ್ ಕರಗಿಹೋಗುತ್ತದೆ. ಪಂಪ್‌ಸೆಟ್ ಸುಟ್ಟುಕೊಂಡ ರೈತನಿಗೆ ಇದನ್ನು ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಅದೇ ಮಾತು ಅಂಗೈಯಗಲದ ಕಂಪ್ಯೂಟರಿಗೂ ಒಂದಕ್ಷರ ಬಿಡದೆ ಅನ್ವಯಿಸುತ್ತದೆ. ಆದರೆ ಕಂಪ್ಯೂಟರ್ ಎಂದ ಕೂಡಲೇ ದೋಷವನ್ನು ಪ್ರೋಗ್ರಾಮಿನಲ್ಲೋ, ಹುಡುಗರ ತಲೆಯಲ್ಲೋ ಹುಡುಕುವುದು ವಾಡಿಕೆಯಾಗಿದೆ. ಗೋಡೆಯ ಪ್ಲಗ್ಗಿನಿಂದ ಬೋರ್ಡಿನವರೆಗೆ ಬರುವ ಆ ಒಂದು ಮೀಟರ್ ತಂತಿಯ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ.

ಅಂಗೈಯಗಲದ ಕಂಪ್ಯೂಟರ್ ಎಂದರೆ ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಯಲು ಅರ್ಜಿ ಹಾಕುವವರ ಸಂಖ್ಯೆ ಇಳಿಯುತ್ತಿತ್ತು. ಬಂದವರಿಗೂ ಮೊದಲಿನವರಷ್ಟು ಪ್ರೋಗ್ರಾಮಿಂಗ್ ಅನುಭವ ಇರುತ್ತಿರಲಿಲ್ಲ. ಮಕ್ಕಳು ಹೆದರದೆ ಮುಟ್ಟಬಹುದಾದ, ಕೆಟ್ಟರೂ ಮನೆಯವರು ತಲೆಯ ಮೇಲೆ ಕೈಹೊತ್ತು ಕೂರಬೇಕಾಗದ ಒಂದು ಅಗ್ಗದ ಕಂಪ್ಯೂಟರ್ ಬೇಕು ಎಂಬ ಯೋಚನೆ ಅಲ್ಲಿ ಹುಟ್ಟಿತು. 2012ರ ಫೆಬ್ರವರಿ 29ರಂದು ಮೊದಲ ಪೈ ಮಾರಾಟಕ್ಕೆ ಬಂದಾಗ ಅದರ ಬೆಲೆ 35 ಡಾಲರ್. 2015ರ ಸೆಪ್ಟೆಂಬರಿನಲ್ಲಿ ಅದಕ್ಕೆಂದೇ ತಯಾರಾದ ಏಳು ಇಂಚಿನ ಸ್ಪರ್ಶಪರದೆಯೂ ಬಂತು. ಬೆರಳಿನಿಂದ ಮುಟ್ಟಿ ಕೆಲಸ ಮಾಡಿಸಬಹುದು. ಕೀಲಿಮಣೆ, ಮೌಸ್ ಇಲ್ಲದೆಯೂ ನಡೆಯುತ್ತದೆ.

ಬೆಲೆ ತಗ್ಗಿಸಬೇಕಾದರೆ ಏನಾದರೂ ಬಿಡಲೇಬೇಕಲ್ಲ. ಬೋರ್ಡಿನ ಜೊತೆ ಪೆಟ್ಟಿಗೆಯಿಲ್ಲ, ಪರದೆಯಿಲ್ಲ, ವಿದ್ಯುತ್ ಕೊಡುವ ಅಡಾಪ್ಟರೂ ಇಲ್ಲ. “ಮನೆಯಲ್ಲಿ ಹಳೆಯ ಫೋನ್ ಚಾರ್ಜರ್ ಇದೆಯಲ್ಲ, ತೂತು ಒಂದೇ ಥರ ಇದೆ, ಸಾಕು” ಎನ್ನುತ್ತಾರೆ ದೊಡ್ಡವರು. ಮಿತವ್ಯಯ ಒಳ್ಳೆಯ ಗುಣವೇ. ಆದರೆ ತೂತು ಒಂದೇ ಆದ ಮಾತ್ರಕ್ಕೆ ಕೆಲಸ ಒಂದೇ ಆಗುವುದಿಲ್ಲ.

ಒಂದು ತಾಲ್ಲೂಕು ಕೇಂದ್ರದ ಹುಡುಗಿಯೊಬ್ಬಳ ಅನುಭವವನ್ನು ಇಲ್ಲಿ ನೋಡಬಹುದು. ಮೊದಲ ಪಿಯುಸಿಯಲ್ಲಿ ಓದುತ್ತಿದ್ದಳು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಸೋದರಮಾವನ ಮಗ, ತನ್ನ ಪ್ರಾಜೆಕ್ಟಿಗೆ ಬಳಸಿದ್ದ ಪೈ 3 ಬೋರ್ಡನ್ನೂ ಆ ಏಳು ಇಂಚಿನ ಪರದೆಯನ್ನೂ ಅವಳಿಗೆ ಕೊಟ್ಟಿದ್ದ. ತಾನು ಓದಿದ ಹೈಸ್ಕೂಲಿನ ಗ್ರಂಥಾಲಯದಲ್ಲಿ ಮಕ್ಕಳು ಪುಸ್ತಕ ತೆಗೆದುಕೊಂಡದ್ದನ್ನು, ಹಿಂದಿರುಗಿಸಿದ್ದನ್ನು ಪರದೆ ಮುಟ್ಟಿ ದಾಖಲಿಸುವ ವ್ಯವಸ್ಥೆ ಮಾಡಬೇಕೆಂದು ಅವಳ ಆಸೆ. ದಸರಾ ರಜೆಯೆಲ್ಲ ಕುಳಿತು ಪ್ರೋಗ್ರಾಂ ಬರೆದಳು. ಮನೆಯ ಟಿವಿಗೆ ಜೋಡಿಸಿ ನೋಡಿದಾಗ ಎಲ್ಲವೂ ಸರಿಯಾಗಿತ್ತು. ಗ್ರಂಥಾಲಯ ನೋಡಿಕೊಳ್ಳುವ ಮೇಷ್ಟ್ರು ಸಂತೋಷದಿಂದಲೇ ಒಂದು ಮೇಜು ಕೊಟ್ಟರು.

ಅಲ್ಲಿಂದ ಶುರುವಾಯಿತು ತೊಂದರೆ. ಸ್ಪರ್ಶಪರದೆ ಜೋಡಿಸಿದ ಮೇಲೆ ಯಂತ್ರ ತನ್ನಷ್ಟಕ್ಕೆ ತಾನೇ ಆರಿ ಮತ್ತೆ ಹತ್ತಿಕೊಳ್ಳತೊಡಗಿತು. ಒಮ್ಮೊಮ್ಮೆ ಬೆರಳಿಟ್ಟರೂ ಪರದೆ ಕದಲುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಹಚ್ಚಿದರೆ ಏಳಲೇ ಇಲ್ಲ; ಮೆಮೊರಿ ಕಾರ್ಡಿನಲ್ಲಿದ್ದ ಮೂರು ವಾರದ ದಾಖಲೆಗಳು ಹೋಗಿದ್ದವು. ಯಾವ ಪುಸ್ತಕ ಯಾವ ಮಗುವಿನ ಹತ್ತಿರ ಇದೆ ಎಂದು ತಿಳಿಯದೆ ಮೇಷ್ಟ್ರು ತರಗತಿಯಿಂದ ತರಗತಿಗೆ ಅಲೆಯಬೇಕಾಯಿತು. “ನೀನು ಬುದ್ಧಿವಂತೆ ಕಣಮ್ಮ, ಆದರೆ ನಮಗೆ ಹಳೆಯ ರಿಜಿಸ್ಟರೇ ವಾಸಿ” ಎಂದರು. ಬಯ್ದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಮನೆಗೆ ಬಂದು ಪ್ರೋಗ್ರಾಮನ್ನು ಮೊದಲಿನಿಂದ ತಿದ್ದಿದಳು. ಕಾರ್ಡನ್ನು ಅಳಿಸಿ ಹೊಸದಾಗಿ ಮೂರು ಸಲ ಬರೆದಳು. ಪರದೆಯೇ ಕೆಟ್ಟಿದೆ ಎಂದು ಒಬ್ಬರು, ಬೋರ್ಡೇ ಹಳೆಯದಾಯಿತು ಎಂದು ಇನ್ನೊಬ್ಬರು ಹೇಳಿದರು. ತನಗೆ ಈ ವಿದ್ಯೆ ಒಗ್ಗುವುದಿಲ್ಲ, ಮುಂದೆ ಕಂಪ್ಯೂಟರ್ ವಿಷಯವನ್ನೇ ತೆಗೆದುಕೊಳ್ಳಬಾರದು ಎಂಬ ತೀರ್ಮಾನಕ್ಕೆ ಅವಳು ಬಂದಿದ್ದಳು.

ಅವಳ ತಂದೆಯದು ಮೋಟಾರ್ ರಿವೈಂಡಿಂಗ್ ಅಂಗಡಿ. ಕಂಪ್ಯೂಟರ್ ಅವರಿಗೆ ಗೊತ್ತಿಲ್ಲ. ಆದರೆ ಸುಟ್ಟ ಪಂಪ್‌ಸೆಟ್ಟುಗಳನ್ನು ಮೂವತ್ತು ವರ್ಷದಿಂದ ಬಿಚ್ಚಿ ಕಟ್ಟಿದವರು. ಮಗಳು ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಒಂದು ಪ್ರಶ್ನೆ ಕೇಳಿದರು:

“ಟಿವಿಗೆ ಹಾಕಿದಾಗ ಚೆನ್ನಾಗಿತ್ತು ಅಂದೆ. ಟಿವಿಗೆ ಕರೆಂಟು ಎಲ್ಲಿಂದ ಬರುತ್ತೆ?”

“ಅದಕ್ಕೆ ಅದರದೇ ಪ್ಲಗ್ ಇದೆಯಲ್ಲಪ್ಪ.”

“ಈ ಪರದೆಗೆ?”

ಹುಡುಗಿ ಸುಮ್ಮನಾದಳು. ಪರದೆಗೆ ಬೇರೆ ಪ್ಲಗ್ ಇರಲಿಲ್ಲ. ಬೋರ್ಡಿನ ಅಂಚಿನ ಪಿನ್ನುಗಳಿಂದ ಕೆಂಪು ತಂತಿಯೊಂದು, ಕಪ್ಪು ತಂತಿಯೊಂದು ಪರದೆಯ ಬೆನ್ನಿಗೆ ಹೋಗಿದ್ದವು. ಅಂದರೆ ಬೋರ್ಡಿಗೆ ಸಾಕಾಗುತ್ತಿದ್ದ ಊಟವನ್ನೇ ಈಗ ಇಬ್ಬರು ಹಂಚಿಕೊಂಡು ಉಣ್ಣುತ್ತಿದ್ದರು.

“ಪರದೆ ಮೂಲೆಯಲ್ಲಿ ಆಗಾಗ ಮಿಂಚಿನ ಗುರುತು ಬರುತ್ತಿತ್ತು. ಚಾರ್ಜ್ ಆಗ್ತಾ ಇದೆ ಅಂದುಕೊಂಡಿದ್ದೆ” ಎಂದಳು ಮೆಲ್ಲಗೆ.

ಫೋನಿನಲ್ಲಿ ಮಿಂಚಿನ ಗುರುತು ಕಂಡರೆ ವಿದ್ಯುತ್ ಚೆನ್ನಾಗಿ ಬರುತ್ತಿದೆ ಎಂದರ್ಥ. ಪೈ ಕಂಪ್ಯೂಟರಿನಲ್ಲಿ ಅರ್ಥ ತೀರ ವಿರುದ್ಧ. ಬೋರ್ಡಿಗೆ ಬರಬೇಕಾದ 5 ವೋಲ್ಟು ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಅದು ಆ ಗುರುತು ತೋರಿಸಿ ಎಚ್ಚರಿಸುತ್ತದೆ. ಪೈ 3 ಬೋರ್ಡಿನ ಕೆಂಪು ದೀಪವೂ ಆ ಕ್ಷಣ ಆರುತ್ತದೆ. ಇಷ್ಟೇ ಅಲ್ಲ, ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಹೇಗೋ ದಿನ ದೂಡಲು ನೋಡುತ್ತದೆ. ಹಚ್ಚಿದಾಗಿನಿಂದ ಒಮ್ಮೆಯಾದರೂ ವೋಲ್ಟೇಜ್ ಕುಸಿದಿತ್ತೇ ಎಂಬುದನ್ನೂ ಅದು ನೆನಪಿಟ್ಟುಕೊಂಡಿರುತ್ತದೆ. ಒಂದು ಸಾಲಿನ ಆದೇಶ ಕೊಟ್ಟು ಕೇಳಿದರೆ ಹೇಳುತ್ತದೆ. ಹೇಳಿದ್ದನ್ನು ಕೇಳಿಸಿಕೊಳ್ಳುವವರು ಬೇಕು, ಅಷ್ಟೆ.

ತಂದೆ ಅಂಗಡಿಯಿಂದ ಮಲ್ಟಿಮೀಟರ್ ತಂದರು. ಚಾರ್ಜರಿನ ಕೇಬಲನ್ನು ಎರಡೂ ತುದಿಯಲ್ಲಿ ಸ್ವಲ್ಪ ಸುಲಿದು, ಒಳಗಿನ ಕೆಂಪು ಮತ್ತು ಕಪ್ಪು ತಂತಿಗಳನ್ನು ಚೂರು ಹೊರಗೆ ತೆಗೆದರು. ಪರದೆಯನ್ನು ಪೂರ್ತಿ ಬೆಳಗಿಸಲು ಮಗಳಿಗೆ ಹೇಳಿ, ಚಾರ್ಜರಿನ ಕಡೆ ಮುಳ್ಳು ಮುಟ್ಟಿಸಿದರು: 5.04 ವೋಲ್ಟ್. ಬೋರ್ಡಿನ ಕಡೆ ಮುಟ್ಟಿಸಿದರು: 4.48 ವೋಲ್ಟ್. ಒಂದು ಮೀಟರ್ ಉದ್ದದ ಕೇಬಲಿನಲ್ಲಿ ಅರ್ಧ ವೋಲ್ಟಿಗೂ ಹೆಚ್ಚು ಸೋರಿಹೋಗಿತ್ತು. ಒಳಗಿನ ತಾಮ್ರದ ಎಳೆಗಳನ್ನು ಉಗುರಿನಿಂದ ಬಿಡಿಸಿ ನೋಡಿ ಅವರು ನಕ್ಕರು. “ಇದು ತಂತಿಯಲ್ಲ ಪುಟ್ಟಿ, ಕೂದಲು. ನಿನ್ನ ಪ್ರೋಗ್ರಾಮು ನನಗೆ ತಿಳಿಯಲ್ಲ. ಆದರೆ ತಪ್ಪು ಅದರದಲ್ಲ.”

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಓಮ್‌ನ ನಿಯಮ ಇದೆ. ಜರ್ಮನಿಯ ಶಾಲಾ ಅಧ್ಯಾಪಕ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ವಿಭವಾಂತರ ಎಂದರೆ ಪ್ರವಾಹ ಮತ್ತು ರೋಧದ ಗುಣಲಬ್ಧ; ಎರಡು ಅಂಕದ ಪ್ರಶ್ನೆಗೆ ಇಷ್ಟು ಬರೆದರೆ ಸಾಕು. ಆ ಹುಡುಗಿಯೂ ಬರೆದು ಪೂರ್ತಿ ಅಂಕ ಪಡೆದವಳೇ. ಆದರೆ ಆ ನಿಯಮ ತನ್ನ ಮೇಜಿನ ಮೇಲೆ, ಬಿಳಿ ಕೇಬಲಿನೊಳಗೆ ಕುಳಿತಿದೆ ಎಂದು ಅವಳಿಗೆ ಹೊಳೆದದ್ದು ಅಂದು. ಕೇಬಲಿನ ಮೇಲೆ ಸಣ್ಣ ಅಕ್ಷರದಲ್ಲಿ 28 ಗೇಜ್ ಎಂದು ಮುದ್ರಿಸಿತ್ತು. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು ಎಂಬುದು ರಿವೈಂಡಿಂಗ್ ಮಾಡುವವರಿಗೆಲ್ಲ ಗೊತ್ತು. ಕೇಬಲುಗಳಲ್ಲಿ ಬಳಸುವ ಅಮೆರಿಕದ ಅಳತೆಯ 28 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ವಿದ್ಯುತ್ತು ಹೋಗಿ ವಾಪಸು ಬರಬೇಕಾದ್ದರಿಂದ ಒಂದು ಮೀಟರ್ ಕೇಬಲಿನಲ್ಲಿ ತಂತಿಯ ಉದ್ದ ಎರಡು ಮೀಟರ್, ರೋಧ 0.42 ಓಮ್‌ಗಿಂತ ತುಸು ಹೆಚ್ಚು. ಕಳೆದುಹೋದ 0.56 ವೋಲ್ಟನ್ನು ಅದರಿಂದ ಭಾಗಿಸಿದರೆ, ಬೋರ್ಡೂ ಪರದೆಯೂ ಸೇರಿ ಸುಮಾರು 1.3 ಆಂಪಿಯರ್ ಎಳೆಯುತ್ತಿದ್ದವು ಎಂದು ಲೆಕ್ಕ ಸಿಕ್ಕಿತು. ಅದೇ ಉದ್ದದ 20 ಗೇಜ್ ತಂತಿಯಾಗಿದ್ದರೆ ನಷ್ಟ ಹೆಚ್ಚೆಂದರೆ 0.09 ವೋಲ್ಟ್ ಆಗುತ್ತಿತ್ತು.

ಹಾಗಾದರೆ ಅದೇ ಕೇಬಲಿನಲ್ಲಿ ಫೋನು ಇಷ್ಟು ವರ್ಷ ಹೇಗೆ ಚಾರ್ಜ್ ಆಯಿತು? ಫೋನಿನ ಹೊಟ್ಟೆಯಲ್ಲಿ ಬ್ಯಾಟರಿ ಇದೆ. ವೋಲ್ಟೇಜ್ ಕಡಿಮೆಯಾದರೆ ಅದು ನಿಧಾನವಾಗಿ ತುಂಬಿಕೊಳ್ಳುತ್ತದೆ. ಒಂದು ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿದರೆ ಯಾರೂ ಲೆಕ್ಕ ಇಡುವುದಿಲ್ಲ. ಈ ಬೋರ್ಡಿಗೆ ಅಂಥ ಉಗ್ರಾಣವಿಲ್ಲ. ಅದು ಅಂದಂದಿನ ಕೂಲಿಯಲ್ಲಿ ಬದುಕುವ ಸಂಸಾರದಂತೆ. ಪರದೆ ಬೆಳಗಿದಾಗ, ಪೆನ್‌ಡ್ರೈವ್ ಚುಚ್ಚಿದಾಗ, ಪ್ರೋಗ್ರಾಂ ಜೋರಾಗಿ ಓಡಿದಾಗ ಅದರ ಬೇಡಿಕೆ ಕ್ಷಣಾರ್ಧದಲ್ಲಿ ಏರುತ್ತದೆ. ಆ ಕ್ಷಣಕ್ಕೆ ಸಿಗದಿದ್ದರೆ ಪ್ರಜ್ಞೆ ತಪ್ಪುತ್ತದೆ. ಆ ಹೊತ್ತಿನಲ್ಲಿ ಮೆಮೊರಿ ಕಾರ್ಡಿನ ಮೇಲೆ ಏನಾದರೂ ಬರೆಯುತ್ತಿದ್ದರೆ ಬರೆಹ ಅರ್ಧಕ್ಕೇ ನಿಲ್ಲುತ್ತದೆ. ಲೆಕ್ಕದ ಪುಸ್ತಕ ಬರೆಯುತ್ತಿದ್ದ ಗುಮಾಸ್ತನ ಕೈಯಿಂದ ಪುಟವನ್ನೇ ಕಿತ್ತುಕೊಂಡ ಹಾಗೆ. ಮೂರು ವಾರದ ದಾಖಲೆಗಳು ಹೋದದ್ದು ಹೀಗೆ.

ಈ ನಿಯಮದ ಒಂದು ದೊಡ್ಡ ಉದಾಹರಣೆ ಕನ್ನಡ ನಾಡಿನಲ್ಲೇ ಇದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದಾಗ ಇಂಜಿನಿಯರುಗಳ ಮುಂದೆ ಇದೇ ಸಮಸ್ಯೆ ಇತ್ತು. ಅವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದರು. ವೋಲ್ಟೇಜ್ ಹೆಚ್ಚಿದ್ದರೆ ಅಷ್ಟೇ ಶಕ್ತಿಯನ್ನು ಕಡಿಮೆ ಪ್ರವಾಹದಲ್ಲಿ ಸಾಗಿಸಬಹುದು. ಪ್ರವಾಹ ಕಡಿಮೆಯಾದರೆ ದಾರಿಯ ನಷ್ಟವೂ ಕಡಿಮೆ. ಈಗಿನ ‘ಫಾಸ್ಟ್ ಚಾರ್ಜರ್’ಗಳಲ್ಲಿ ಬಹಳಷ್ಟು ನಡೆಯುವುದು ಇದೇ ಉಪಾಯದಿಂದ. ಫೋನು ಕೇಳಿಕೊಂಡಾಗ ಅವು 5ರ ಬದಲು 9 ವೋಲ್ಟ್ ಅಥವಾ ಇನ್ನೂ ಹೆಚ್ಚು ಕೊಡುತ್ತವೆ. ಪೈ ಬೋರ್ಡು ಹಾಗೆ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು 5 ವೋಲ್ಟ್ ಮಾತ್ರ. ಆದ್ದರಿಂದ ಚಾರ್ಜರಿನ ಮೇಲೆ 65 ವಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಪ್ರಯೋಜನವಿಲ್ಲ. ಸಣ್ಣ ಅಕ್ಷರದಲ್ಲಿ 5 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಎಂದಿದೆ ಎಂಬುದನ್ನು ಓದಬೇಕು.

ಆಂಪಿಯರಿನ ಬಗ್ಗೆ ಒಂದು ಹೆದರಿಕೆ ಹೆತ್ತವರಲ್ಲಿ ಸಾಮಾನ್ಯ. ಹೆಚ್ಚು ಆಂಪಿಯರಿನ ಅಡಾಪ್ಟರ್ ಹಾಕಿದರೆ ಬೋರ್ಡು ಸುಟ್ಟೀತೆಂಬ ಹೆದರಿಕೆ. ಅದು ನಿಜವಲ್ಲ. ಆಂಪಿಯರ್ ಎಂದು ಬರೆದದ್ದು ಅಡಾಪ್ಟರಿನ ತಾಕತ್ತು. ತೊಟ್ಟಿ ದೊಡ್ಡದಿದ್ದ ಮಾತ್ರಕ್ಕೆ ಚೊಂಬಿನಲ್ಲಿ ಹೆಚ್ಚು ನೀರು ಹಿಡಿಯುವುದಿಲ್ಲ. ಬೋರ್ಡು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಹೆಚ್ಚಾಗಬಾರದ್ದು ವೋಲ್ಟು. ತಯಾರಕರು ಪೈ 3ಕ್ಕೆ 2.5 ಆಂಪಿಯರ್, 2019ರ ಪೈ 4ಕ್ಕೆ 3 ಆಂಪಿಯರ್, 2023ರ ಪೈ 5ಕ್ಕೆ 5 ಆಂಪಿಯರ್ ಕೊಡುವ ಅಡಾಪ್ಟರುಗಳನ್ನು ಮಾಡಿದ್ದಾರೆ. ಮೂರರಲ್ಲೂ ವೋಲ್ಟು 5 ಅಲ್ಲ, 5.1. ದಾರಿಯಲ್ಲಿ ಕಳೆದುಹೋಗುವುದಕ್ಕೆಂದು ಮೊದಲೇ ಒಂದು ಹಿಡಿ ಹೆಚ್ಚು ಹಾಕಿ ಕಳಿಸಿದ ಹಾಗೆ. ಜೊತೆಗೆ ಕೇಬಲು ಅಡಾಪ್ಟರಿಗೇ ಅಂಟಿಕೊಂಡಿರುತ್ತದೆ. ತೆಳ್ಳನೆಯ ಬೇರೆ ಕೇಬಲು ಸಿಕ್ಕಿಸಲು ಅವಕಾಶವೇ ಇಲ್ಲ. ಪೈ 5ಕ್ಕೆ 3 ಆಂಪಿಯರಿನ ಅಡಾಪ್ಟರ್ ಹಾಕಿದರೂ ಅದು ಓಡುತ್ತದೆ, ಆದರೆ ತನ್ನ ಯುಎಸ್‌ಬಿ ಕಿಂಡಿಗಳಿಗೆ ಕೊಡುವ ಪ್ರವಾಹವನ್ನು ಒಟ್ಟು 600 ಮಿಲಿ ಆಂಪಿಯರಿಗೆ ಇಳಿಸುತ್ತದೆ. ಹಾರ್ಡ್‌ಡಿಸ್ಕ್ ಚುಚ್ಚಿದರೆ ಕೆಲಸ ಮಾಡುವುದಿಲ್ಲ ಎಂದು ಗೊಣಗುವವರು ಮೊದಲು ಅಡಾಪ್ಟರ್ ನೋಡಬೇಕು.

ಪರದೆಗೆ ವಿದ್ಯುತ್ ಕೊಡುವಾಗ ಇನ್ನೂ ಸ್ವಲ್ಪ ಎಚ್ಚರ ಬೇಕು. ಚಪ್ಪಟೆಯ ಪಟ್ಟಿ ಕೇಬಲು ಚಿತ್ರವನ್ನೂ ಸ್ಪರ್ಶದ ಸುದ್ದಿಯನ್ನೂ ಒಯ್ಯುತ್ತದೆ. ವಿದ್ಯುತ್ ಬರಬೇಕಾದದ್ದು ಕೆಂಪು-ಕಪ್ಪು ತಂತಿಗಳಿಂದ. ಕೆಂಪು ತಂತಿ ಬೋರ್ಡಿನ 2 ಅಥವಾ 4ನೆಯ ಪಿನ್ನಿಗೆ, ಕಪ್ಪು 6ನೆಯ ಪಿನ್ನಿಗೆ. ಒಂದು ಪಿನ್ನು ಆಚೀಚೆಯಾದರೆ ಬೋರ್ಡಿಗೇ ಅಪಾಯ. ಅಲ್ಲಿಯ ಸಂಕೇತದ ಪಿನ್ನುಗಳು 3.3 ವೋಲ್ಟಿಗಿಂತ ಹೆಚ್ಚು ತಾಳಲಾರವು. ವಿದ್ಯುತ್ ತೆಗೆದು, ಎಣಿಸಿ, ಇನ್ನೊಬ್ಬರಿಂದ ಎಣಿಸಿಸಿ ಜೋಡಿಸುವುದು ಲೇಸು. 2015ರ ಆ ಪರದೆಯ ಬೆನ್ನಿನಲ್ಲಿ ತನ್ನದೇ ಒಂದು ಯುಎಸ್‌ಬಿ ಕಿಂಡಿಯೂ ಇದೆ. ಅದಕ್ಕೆ ಬೇರೆಯೇ ಅಡಾಪ್ಟರ್ ಕೊಡಬಹುದು. ಆಗ ಆ ಕೆಂಪು ತಂತಿ ಬೇಡ. ಪರದೆಯ ಬೆಳಕನ್ನು ತುಸು ತಗ್ಗಿಸಿದರೂ ಹೊರೆ ಇಳಿಯುತ್ತದೆ.

ಹುಡುಗಿಯ ಮನೆಯಲ್ಲಿ ಕೊನೆಗೆ ಪೈ 3ಕ್ಕೆಂದೇ ತಯಾರಾದ ಅಡಾಪ್ಟರ್ ತರಿಸಿದರು. ಬೋರ್ಡಿನ ಪಿನ್ನುಗಳ ಮೇಲೆ ಮೀಟರ್ ಇಟ್ಟಾಗ 5ಕ್ಕಿಂತ ಒಂದೆಳೆ ಮೇಲೆಯೇ ನಿಂತಿತು. ಮಿಂಚಿನ ಗುರುತು ಮತ್ತೆ ಬರಲಿಲ್ಲ. ಪ್ರೋಗ್ರಾಮಿನಲ್ಲಿ ಅವಳು ಎರಡು ಸೇರಿಕೆ ಮಾಡಿದಳು. ಸಂಜೆ ಬೀಗ ಹಾಕುವ ಮುನ್ನ ಮುಟ್ಟಲು ‘ಮುಚ್ಚು’ ಎಂಬ ಗುಂಡಿ. ಅದನ್ನು ಒತ್ತಿದರೆ ಯಂತ್ರ ಬರೆಯುವುದನ್ನೆಲ್ಲ ಬರೆದು ಮುಗಿಸಿ ಆಮೇಲೆ ಆರುತ್ತದೆ, ಅನಂತರವೇ ಪ್ಲಗ್ ಕೀಳಬೇಕು. ಮತ್ತೊಂದು, ಅಂದಂದಿನ ದಾಖಲೆಯ ಪ್ರತಿ ಪೆನ್‌ಡ್ರೈವಿಗೂ ಹೋಗುವಂತೆ. ಕರೆಂಟು ಹೇಳದೆ ಕೇಳದೆ ಹೋಗುವ ಊರಾದ್ದರಿಂದ ಶಾಲೆಯ ಕಚೇರಿಯ ಯುಪಿಎಸ್‌ನಿಂದಲೇ ಲೈನು ಎಳೆಸಿದರು. ಮೇಷ್ಟ್ರು ಎರಡನೆಯ ಅವಕಾಶ ಕೊಟ್ಟರು. ಆದರೆ ಹಳೆಯ ರಿಜಿಸ್ಟರನ್ನು ಮುಚ್ಚಲಿಲ್ಲ, ಎರಡರಲ್ಲೂ ಬರೆಸಿದರು. ಅದು ಅಪನಂಬಿಕೆ ಎಂದು ಅವಳಿಗೆ ಈಗ ಅನ್ನಿಸಲಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಎಡವುವುದು ಮಕ್ಕಳಿಗಷ್ಟೇ ಮೀಸಲಲ್ಲ. 2019ರಲ್ಲಿ ಪೈ 4 ಬಂದಾಗ ಅದರ ವಿದ್ಯುತ್ ಕಿಂಡಿಯಲ್ಲಿ ಎರಡು ಪುಟ್ಟ ರೆಸಿಸ್ಟರುಗಳಿರಬೇಕಾದ ಕಡೆ ಒಂದನ್ನೇ ಹಂಚಿಹಾಕಿದ್ದರು. ಪರಿಣಾಮ, ಒಳಗೆ ಗುರುತಿನ ಚಿಪ್ ಇರುವ ದುಬಾರಿ ಕೇಬಲುಗಳನ್ನು ಹಾಕಿದರೆ ಬೋರ್ಡು ಏಳುತ್ತಿರಲಿಲ್ಲ. ಸಾಧಾರಣ ಕೇಬಲು ಹಾಕಿದರೆ ಏಳುತ್ತಿತ್ತು! ಬಳಕೆದಾರರು ಅದನ್ನು ಅಳೆದು ಪತ್ತೆ ಮಾಡಿದರು. ತಯಾರಕರು ತಪ್ಪನ್ನು ಒಪ್ಪಿಕೊಂಡು ಮುಂದಿನ ಬೋರ್ಡುಗಳಲ್ಲಿ ಸರಿಪಡಿಸಿದರು. ಲಕ್ಷಾಂತರ ಬೋರ್ಡು ಮಾಡಿದವರ ಕಣ್ಣನ್ನೇ ಒಂದು ರೆಸಿಸ್ಟರ್ ತಪ್ಪಿಸಿರುವಾಗ, ಹದಿನಾರರ ಹುಡುಗಿ ಒಂದು ಕೇಬಲನ್ನು ಸಂಶಯಿಸದೆ ಇದ್ದದ್ದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಮಗ ಅಥವಾ ಮಗಳು ಸಪ್ಪೆ ಮುಖ ಮಾಡಿಕೊಂಡು “ಇದು ಕೆಲಸ ಮಾಡ್ತಿಲ್ಲ” ಎಂದು ಬಂದರೆ, “ಓದುವುದು ಬಿಟ್ಟು ಇದೆಲ್ಲ ಯಾಕೆ” ಎನ್ನುವುದು ತಂದೆತಾಯಿಗಳಿಗೆ ಸುಲಭ. ಅದಕ್ಕಿಂತ ಸ್ವಲ್ಪವೇ ಕಷ್ಟದ ಇನ್ನೊಂದು ಮಾತಿದೆ: “ಎಲ್ಲಿಯವರೆಗೆ ಸರಿ ಇದೆ, ಎಲ್ಲಿಂದ ಸರಿ ಇಲ್ಲ, ಅಳೆದು ನೋಡೋಣ ಬಾ.” ಇದಕ್ಕೆ ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ. ಗೋಡೆಯ 230 ವೋಲ್ಟಿನ ಕಡೆಗೆ ಮಕ್ಕಳ ಕೈ ಹೋಗದಂತೆ ನೋಡಿಕೊಂಡು, ಅಡಾಪ್ಟರಿನಿಂದ ಈಚಿನ 5 ವೋಲ್ಟಿನಲ್ಲಿ ಅವರನ್ನು ಧಾರಾಳವಾಗಿ ಬಿಡಬಹುದು. ಹೊಸ ಬೋರ್ಡು, ಹೊಸ ಪರದೆ ಕೊಡಿಸುವ ಮೊದಲು ಒಂದು ಸಾದಾ ಮಲ್ಟಿಮೀಟರ್ ಕೊಡಿಸುವುದು ಮೇಲು. ಅದರ ಬೆಲೆ ಬೋರ್ಡಿನ ಬೆಲೆಗಿಂತ ಎಷ್ಟೋ ಕಡಿಮೆ. ಬೋರ್ಡು ಹಳತಾಗಿ ಮೂಲೆ ಸೇರಿದ ಮೇಲೂ ಅದು ಕೆಲಸಕ್ಕೆ ಬರುತ್ತದೆ.